ಸಲಹೆಗೊಂದು ಹಿಂಬರಹ ಬೇಕು

ಪರಿಸರದ ವಿಷಯದಲ್ಲಿ ಸ್ಥಳೀಯ ಸಂಸ್ಥೆಗೆ ಸಲಹೆ ನೀಡುವ ನಾಗರಿಕ ಸಮಿತಿಯೊಂದರಲ್ಲಿ ನಾನು ಕೆಲವು ವರ್ಷ ಸದಸ್ಯನಾಗಿದ್ದೆ. ಆ ಅವಧಿಯಲ್ಲಿ ನಾವು ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವುಗಳಿಗೆ ಬಂದ ಉತ್ತರ ಒಂದೇ ಪದದ್ದು: ‘ಪರಿಶೀಲಿಸಲಾಗುವುದು.’ ಪರಿಶೀಲಿಸುವವರು ಯಾರು, ಯಾವಾಗ, ಪರಿಶೀಲಿಸಿದ ಮೇಲೆ ಅದನ್ನು ಯಾರಿಗೆ ತಿಳಿಸುತ್ತಾರೆ ಎಂಬ ಮೂರೂ ಪ್ರಶ್ನೆಗಳು ಆ ಕರ್ಮಣಿ ಪ್ರಯೋಗದೊಳಗೆ ಮರೆಯಾಗುತ್ತವೆ. ಇಂಥ ಸಮಿತಿಗಳ ಯೋಗ್ಯತೆಯನ್ನು ಅವುಗಳ ಸದಸ್ಯರ ಪಾಂಡಿತ್ಯದಿಂದಲ್ಲ, ಅವುಗಳಿಗೆ ಬರುವ ಲಿಖಿತ ಉತ್ತರದಿಂದ, ಅಂದರೆ ಹಿಂಬರಹದಿಂದ, ಅಳೆಯಬೇಕು ಎಂಬ ನನ್ನ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ.

ಒಂದು ಹಳ್ಳದ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟುವ ಯೋಜನೆ ನಮ್ಮ ಮುಂದೆ ಬಂದಾಗ ಟೆಂಡರ್ ಆಗಲೇ ಮುಗಿದಿತ್ತು. ದಂಡೆಯ ಗಿಡಗಂಟಿಗಳು ನೀರಿನ ವೇಗ ತಗ್ಗಿಸುತ್ತವೆ, ಮಣ್ಣಿನ ದಂಡೆ ನೀರನ್ನು ಹೀರಿಕೊಳ್ಳುತ್ತದೆ, ಗೋಡೆ ಕಟ್ಟಿದರೆ ಮಳೆಗಾಲದ ರಭಸವೆಲ್ಲ ಕೆಳಗಿನ ಬಡಾವಣೆಯ ಪಾಲಾಗುತ್ತದೆ ಎಂದು ನಾವು ವಿವರವಾಗಿ ಬರೆದೆವು. ಆದರೆ ಹಣ ನಿಗದಿಯಾಗಿ, ಗುತ್ತಿಗೆ ಕೊಟ್ಟಾದ ಮೇಲೆ ಯಾವ ಅಧಿಕಾರಿಯೂ ಕಡತವನ್ನು ಹಿಂದಕ್ಕೆ ತಿರುಗಿಸಲಾರ; ಅದು ಅವರ ದುರುದ್ದೇಶವಲ್ಲ, ವ್ಯವಸ್ಥೆ ಇರುವುದೇ ಹಾಗೆ. ಸಲಹೆ ಕೇಳಬೇಕಾದ ಸಮಯ ಯೋಜನೆಯ ನಕ್ಷೆ ಸಿದ್ಧವಾದ ನಂತರದ್ದಲ್ಲ, ಸಮಸ್ಯೆಯನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ತೀರ್ಮಾನವಾಗುವ ಹೊತ್ತಿನದು. ‘ದಂಡೆ ಕುಸಿಯುತ್ತಿದೆ’ ಎಂದು ಹೇಳಿದರೆ ಉತ್ತರ ಗೋಡೆಯಾಗುತ್ತದೆ. ‘ನೀರು ರಭಸದಿಂದ ಬರುತ್ತಿದೆ’ ಎಂದು ಹೇಳಿದರೆ ಮೇಲಿನ ಜಲಾನಯನದ ಕಡೆಗೂ ಕಣ್ಣು ಹೋಗುತ್ತದೆ.

ಪರಿಸರದ ಕೆಲಸದಲ್ಲಿ ಜನರನ್ನು ಕೇಳಬೇಕೆಂಬುದು ಹೊಸ ಮಾತಲ್ಲ. 1992ರ ರಿಯೊ ಭೂ ಶೃಂಗಸಭೆಯಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ ಕಾರ್ಯಸೂಚಿ ‘ಅಜೆಂಡಾ 21’ರ 28ನೆಯ ಅಧ್ಯಾಯ ಸ್ಥಳೀಯ ಸಂಸ್ಥೆಗಳಿಗೇ ಮೀಸಲಾಗಿತ್ತು. ಪ್ರತಿ ದೇಶದ ಬಹುಪಾಲು ಸ್ಥಳೀಯ ಸಂಸ್ಥೆಗಳು 1996ರೊಳಗೆ ತಮ್ಮ ನಿವಾಸಿಗಳೊಂದಿಗೆ ಸಮಾಲೋಚಿಸಿ, ತಮ್ಮದೇ ಸ್ಥಳೀಯ ಕಾರ್ಯಸೂಚಿಯ ಬಗ್ಗೆ ಒಮ್ಮತಕ್ಕೆ ಬಂದಿರಬೇಕು ಎಂಬುದು ಅದರ ಗುರಿ. ಅದಕ್ಕೂ ಮುಂಚೆಯೇ, 1969ರಲ್ಲಿ, ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೀನ್ ನಾಗರಿಕ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದರು. ಹೆಬ್ಬೆಟ್ಟು ಒತ್ತುವುದಕ್ಕಷ್ಟೇ ಕೂರಿಸಿದ ಸಲಹಾ ಸಮಿತಿಗಳನ್ನು ಅವರು ಇಟ್ಟದ್ದು ಅತಿ ಕೆಳಗಿನ ಮೆಟ್ಟಿಲಿನಲ್ಲಿ. ಅದನ್ನು ಮೊದಲ ಬಾರಿ ಓದಿದಾಗ ನನಗೆ ನೋವಾಗಿತ್ತು. ಎರಡು ವರ್ಷದ ನಡವಳಿಗಳನ್ನು ತಿರುವಿಹಾಕಿದ ಮೇಲೆ ಅವರ ಮಾತನ್ನು ಒಪ್ಪಿಕೊಂಡೆ.

ಸಮಿತಿಯಲ್ಲಿ ಯಾರು ಕೂರಬೇಕು ಎಂಬುದು ಇನ್ನೊಂದು ಗಂಭೀರ ಪ್ರಶ್ನೆ. ಅರ್ಜಿ ಕರೆದು ಆರಿಸಿದರೆ ಬಿಡುವಿರುವವರು, ಬರೆಯಬಲ್ಲವರು, ಆಗಲೇ ಒಂದು ನಿಲುವಿಗೆ ಅಂಟಿಕೊಂಡವರು ಬರುತ್ತಾರೆ. ನಾನೂ ಬಂದದ್ದು ಹಾಗೆಯೇ. ಆದರೆ ಯಾವ ತಿರುವಿನಲ್ಲಿ ಮೊದಲು ಚರಂಡಿ ಕಟ್ಟಿಕೊಳ್ಳುತ್ತದೆ, ಯಾವ ಬೀದಿಯಲ್ಲಿ ಹಸಿ ಕಸ ಮತ್ತು ಒಣ ಕಸ ಬೆರೆತೇ ಬರುತ್ತವೆ ಎಂಬುದು ಆ ಕೆಲಸ ಮಾಡುವ ಪೌರಕಾರ್ಮಿಕರಿಗೆ ತಿಳಿದಷ್ಟು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಭೆಯನ್ನು ಕೆಲಸದ ಹೊತ್ತಿನಲ್ಲಿ ಕರೆದು, ಬಂದವರಿಗೆ ಕಳೆದುಹೋದ ದಿನಗೂಲಿಯನ್ನು ಭರಿಸದೆ, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡನ್ನೂ ಮಾಡದೆ, ‘ಎಲ್ಲರಿಗೂ ಸ್ವಾಗತ’ ಎಂದು ಪ್ರಕಟಣೆ ಹೊರಡಿಸಿದರೆ ಆ ಸ್ವಾಗತ ತಲುಪುವುದು ಬೆರಳೆಣಿಕೆಯ ಜನರನ್ನು ಮಾತ್ರ.

ಪೋಲೆಂಡಿನ ಗ್ದಾನ್ಸ್ಕ್ ನಗರ ಇದಕ್ಕೆ ಬೇರೆಯೇ ದಾರಿ ಹಿಡಿಯಿತು. 2016ರ ಜುಲೈನಲ್ಲಿ ಭಾರಿ ಮಳೆಯಿಂದ ಪ್ರವಾಹ ಬಂದ ನಂತರ, ಇಂಥ ಮಳೆಯನ್ನು ಎದುರಿಸಲು ನಗರ ಹೇಗೆ ಸಿದ್ಧವಾಗಬೇಕೆಂದು ಚರ್ಚಿಸಲು ಅಲ್ಲಿ ನಾಗರಿಕ ಸಭೆಯನ್ನು ಕರೆಯಲಾಯಿತು. ವಯಸ್ಸು, ಲಿಂಗ, ಶಿಕ್ಷಣ, ಬಡಾವಣೆ ಎಲ್ಲದರಲ್ಲೂ ನಗರದ ಪ್ರತಿಬಿಂಬವಾಗುವಂತೆ ಸದಸ್ಯರನ್ನು ಅದೃಷ್ಟದ ಚೀಟಿಯ ಕ್ರಮದಲ್ಲಿ ಆರಿಸಲಾಯಿತು. ಶೇ. 80ರಷ್ಟು ಸದಸ್ಯರ ಬೆಂಬಲ ಪಡೆದ ಶಿಫಾರಸನ್ನು ಜಾರಿಗೊಳಿಸುವುದಾಗಿ ಮೇಯರ್ ಮೊದಲೇ ಮಾತು ಕೊಟ್ಟಿದ್ದರು. ಬೆಲ್ಜಿಯಂನಲ್ಲಿ ತನ್ನದೇ ಸಂಸತ್ತುಳ್ಳ ಜರ್ಮನ್ ಭಾಷಿಕ ಸಮುದಾಯ 2019ರಲ್ಲಿ 24 ಸದಸ್ಯರ ಕಾಯಂ ನಾಗರಿಕ ಮಂಡಳಿಯನ್ನು ಸ್ಥಾಪಿಸಿದೆ. ನಾಗರಿಕರ ಶಿಫಾರಸನ್ನು ಕೈಬಿಡುವುದಾದರೆ ಅಲ್ಲಿನ ಸಂಸತ್ತು ಅದಕ್ಕೆ ಕಾರಣ ಕೊಡಬೇಕು. ನನ್ನನ್ನು ಹೆಚ್ಚು ಸೆಳೆದದ್ದು ಈ ಎರಡನೆಯ ನಿಯಮ, ಏಕೆಂದರೆ ಅದು ಪುಟ್ಟ ಊರಿಗೂ ನಿಲುಕುವಂಥದ್ದು.

ಚುನಾಯಿತರು ಜನರಿಗೆ ಉತ್ತರದಾಯಿಗಳು, ಸಲಹೆಗಾರರು ಯಾರಿಗೂ ಅಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊನೆಯ ತೀರ್ಮಾನ ಚುನಾಯಿತ ಸಭೆಯದೇ ಆಗಿರಬೇಕು. ಆದರೆ ಪಾಲಿಸಲಾಗದ ಮಾತು ಕೊಡುವುದು ಮೌನಕ್ಕಿಂತ ಕೆಟ್ಟದ್ದು. ಫ್ರಾನ್ಸಿನಲ್ಲಿ ಚೀಟಿಯ ಮೂಲಕ ಆಯ್ಕೆಯಾದ 150 ನಾಗರಿಕರ ಹವಾಮಾನ ಸಮಾವೇಶ 2020ರಲ್ಲಿ 149 ಪ್ರಸ್ತಾವಗಳನ್ನು ಮುಂದಿಟ್ಟಿತು. ಅವುಗಳನ್ನು ಸೋಸದೆ ಮುಂದಕ್ಕೆ ಕಳುಹಿಸುವುದಾಗಿ ದೇಶದ ಅಧ್ಯಕ್ಷರು ಹೇಳಿದ್ದರು; ಬಳಿಕ ಮೂರನ್ನು ನೇರವಾಗಿ ಬದಿಗಿಟ್ಟರು, ಇನ್ನೂ ಹಲವು ಕಾನೂನಾಗುವ ಹಾದಿಯಲ್ಲಿ ತೆಳುವಾದವು. ತಿಂಗಳುಗಟ್ಟಲೆ ಶ್ರಮಿಸಿದವರ ಬೇಸರಕ್ಕೆ ನಿರಾಕರಣೆಗಿಂತಲೂ ಆ ಮೊದಲ ಮಾತೇ ಹೆಚ್ಚು ಕಾರಣವಾಗಿತ್ತು ಎಂದು ನಾನು ಭಾವಿಸುತ್ತೇನೆ.

ನನ್ನ ಅವಧಿಯ ಕೊನೆಯ ವರ್ಷ ನಾವು ಒಂದು ಸಣ್ಣ ಬದಲಾವಣೆಗೆ ಒಪ್ಪಿಗೆ ಪಡೆದೆವು. ಪ್ರತಿ ಸಲಹೆಗೂ ಕ್ರಮಸಂಖ್ಯೆ, ಅದಕ್ಕೆ ಉತ್ತರಿಸಬೇಕಾದ ಅಧಿಕಾರಿಯ ಹುದ್ದೆ, 60 ದಿನಗಳ ಗಡುವು, ಒಪ್ಪಿಗೆ ಅಥವಾ ಕಾರಣಸಹಿತ ನಿರಾಕರಣೆ, ಇಷ್ಟನ್ನು ದಾಖಲಿಸುವ ವಹಿಯನ್ನು ತೆರೆದೆವು. ಅದರ ಅನುಪಾಲನಾ ವರದಿ ಪ್ರತಿ ಸಭೆಯ ಮೊದಲ ವಿಷಯವಾಯಿತು. ಮೊದಲು ಬಂದ ಹಿಂಬರಹ ನಿರಾಕರಣೆಯದೇ. ರಸ್ತೆಬದಿಗೆ ನಾವು ಸೂಚಿಸಿದ್ದ ಮರಗಳ ಬೇರು ನೆಲದಡಿಯ ನೀರಿನ ಕೊಳವೆಗಳಿಗೆ ಹಾನಿ ಮಾಡುತ್ತದೆ ಎಂದು ಎಂಜಿನಿಯರ್ ಕೊಳವೆಗಳ ನಕ್ಷೆಯ ಸಮೇತ ಬರೆದಿದ್ದರು. ಆ ನಕ್ಷೆಯನ್ನು ನಾವು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಮುಂದಿನ ಸಭೆಯಲ್ಲಿ ಅದನ್ನು ಮೇಜಿನ ಮೇಲೆ ಹರಡಿ, ಬೇರು ಆಳಕ್ಕೆ ಹಬ್ಬದ ಬೇರೆ ಜಾತಿಯ ಗಿಡಗಳ ಪಟ್ಟಿಯನ್ನು ಅವರ ಜೊತೆಯಲ್ಲೇ ಕುಳಿತು ಸಿದ್ಧಪಡಿಸಿದೆವು.