ಒಂಬತ್ತನೆಯ ದಿನದ ತಲೆನೋವು

ಅಟ್ಲಾಂಟಾದ ನೈಋತ್ಯ ಭಾಗದ ಆ ಮನೆಯ ಬಾಗಿಲು ತೆರೆದವಳು ಒಂಬತ್ತು ದಿನದ ಬಾಣಂತಿ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈ ಹಣೆಯ ಮೇಲೆ. ಹಿಂದಿನ ದಿನದಿಂದ ತಲೆನೋವು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ನಿದ್ದೆ ಸಾಲದಿರಬಹುದು, ಮಾತ್ರೆ ನುಂಗಿ ಮಲಗಿ ಎಂದರಂತೆ. ನನಗೂ ಹಾಗೆಯೇ ಅನ್ನಿಸಿತ್ತು, ಅದನ್ನು ಮುಚ್ಚಿಡಲಾರೆ.

ನಾನು ಹೋಗಿದ್ದು ಡೂಲಾ ಒಬ್ಬರ ಜೊತೆ. ಬಸಿರಿನಲ್ಲಿ, ಹೆರಿಗೆಯಲ್ಲಿ, ಆಮೇಲೂ ಹೆಣ್ಣಿನ ಜೊತೆಗಿರುವವರು ಡೂಲಾ. ಈ ಕಪ್ಪು ಮಹಿಳೆ ತಮ್ಮ ಬಡಾವಣೆಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುತ್ತಾರೆ. ಎಲ್ಲರೂ ಅವರನ್ನು ಆಂಟಿ ಎನ್ನುತ್ತಾರೆ. ಶನಿವಾರ ಅವರ ಕಾರು ಓಡಿಸುವುದು ನನ್ನ ಪಾಲಿನ ಕೆಲಸ. ನನ್ನ ಹೆರಿಗೆಗೆ ಅಮ್ಮ ಹಾಸನದಿಂದ ಬಂದು ಮೂರು ತಿಂಗಳು ಬಾಣಂತನ ಮಾಡಿದ್ದರು; ಆಸ್ಪತ್ರೆಯವರು ನನ್ನನ್ನು ಮತ್ತೆ ನೋಡಿದ್ದು ಆರು ವಾರಗಳ ಮೇಲೆ. ಅಮ್ಮ ಬರಲಾರದವರನ್ನು ಆ ಆರು ವಾರ ಯಾರು ನೋಡುತ್ತಾರೆ?

ಆಂಟಿ ಅವಸರಪಡಲಿಲ್ಲ. ಅವಳ ಬೆನ್ನಿಗೆ ದಿಂಬು ಕೊಟ್ಟರು, ಪಾದಗಳನ್ನು ನೆಲಕ್ಕೆ ಊರಿಸಿದರು, ತೋಳನ್ನು ಎದೆಮಟ್ಟಕ್ಕೆ ತಂದರು. ಚೀಲದಲ್ಲಿದ್ದ, ರಕ್ತದೊತ್ತಡ ಅಳೆಯುವ ಎರಡು ಪಟ್ಟಿಗಳಲ್ಲಿ ದೊಡ್ಡದನ್ನು ಸುತ್ತಿದರು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. 168/112. ಕಾಲು ಗಂಟೆ ಬಿಟ್ಟು ನೋಡಿದರೆ 166/110.

"ಕಣ್ಣ ಮುಂದೆ ಚುಕ್ಕೆ ಕಾಣುತ್ತಿದೆಯಾ ಮಗಳೇ?"

"ಹೌದು ಆಂಟಿ. ಅದನ್ನು ಯಾರೂ ಕೇಳಲೇ ಇಲ್ಲ."

ಹೆರಿಗೆಯಾದ ಮೇಲೂ ರಕ್ತದೊತ್ತಡ ಹೀಗೆ ಏರಿ ಫಿಟ್ಸ್, ಪಾರ್ಶ್ವವಾಯು ತರಬಹುದು. ಇದೇ ಅಟ್ಲಾಂಟಾದಲ್ಲಿ 2017ರ ಜನವರಿಯಲ್ಲಿ ಶಾಲನ್ ಅರ್ವಿಂಗ್ ಹೆತ್ತ ಮೂರು ವಾರಕ್ಕೆ ರಕ್ತದೊತ್ತಡದ ತೊಡಕಿನಿಂದ ತೀರಿಕೊಂಡರು. ರೋಗ ತಡೆಯುವ ಕೇಂದ್ರ ಸಂಸ್ಥೆಯಾದ ಸಿಡಿಸಿಯಲ್ಲೇ ಸಂಶೋಧಕಿ ಅವರು. ಮೈ ಸರಿಯಿಲ್ಲವೆಂದು ಮತ್ತೆ ಮತ್ತೆ ವೈದ್ಯರ ಬಳಿ ಹೋಗಿದ್ದರು. 2023ರಲ್ಲಿ ಅಮೆರಿಕದಲ್ಲಿ ಲಕ್ಷ ಹೆರಿಗೆಗೆ ಸತ್ತ ಕಪ್ಪು ತಾಯಂದಿರು 50.3, ಬಿಳಿಯರು 14.5. ಓದು, ಸಂಬಳ ಯಾವುದೂ ಈ ಅಂತರವನ್ನು ಅಳಿಸುವುದಿಲ್ಲ ಎಂದರೆ ತಪ್ಪು ತಾಯಿಯದಲ್ಲ, ಅವಳ ಮಾತನ್ನು ನಂಬದವರದು.

ಆಸ್ಪತ್ರೆಗೆ ಹೊರಡಲು ನಾನು ಕಾರು ತಿರುಗಿಸುವಷ್ಟರಲ್ಲಿ ಎದುರು ಮನೆಯ ಅಜ್ಜಿ ಬಂದು ಕೂಸನ್ನು ಎತ್ತಿಕೊಂಡರು. ದಾರಿಯುದ್ದಕ್ಕೂ ಆಂಟಿ ಅವಳಿಂದ ಒಂದೇ ಮಾತನ್ನು ಹೇಳಿಸಿದರು: "ಹೆತ್ತು ಒಂಬತ್ತು ದಿನ. ಒತ್ತಡ 166/110. ತಲೆನೋವು, ಕಣ್ಣ ಮುಂದೆ ಚುಕ್ಕೆ."

"ನೀವೇ ಹೇಳಿ ಆಂಟಿ."

"ಹೇಳುತ್ತೇನೆ. ಆದರೆ ಮೊದಲು ನೀನು."

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕುರ್ಚಿ ತೋರಿಸಿ ಕಾಯಲು ಹೇಳಿದರು. ಅವಳು ಕೂರಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ ಹೇಳಿದಳು. ಆಂಟಿ ಸಮಯ ಸಹಿತ ಬರೆದಿಟ್ಟ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು. ಗಾಲಿಕುರ್ಚಿ ಬಂತು. ಅರ್ಧ ಗಂಟೆಯೊಳಗೆ ಫಿಟ್ಸ್ ತಡೆಯುವ ಮೆಗ್ನೀಸಿಯಂ ಡ್ರಿಪ್ ಹಾಕಿದರು.

ಆ ದೊಡ್ಡ ಪಟ್ಟಿ ಈಗ ಅವಳ ಮನೆಯಲ್ಲೇ ಇದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಆಂಟಿಗೆ, ನನಗೆ ಅವಳ ಸಂದೇಶ ಬರುತ್ತದೆ. ಇವತ್ತಿನದು 124/80, ಜೊತೆಗೆ ಕೂಸಿನ ಒಂದು ಫೋಟೋ.