ಶನಿವಾರ ಬಂದಿದ್ದು 17 ಜನ

ನಮ್ಮ ಕಾಲೇಜಲ್ಲಿ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಭಾನುವಾರ ಹಳೆ ಸ್ಟೂಡೆಂಟ್ಸ್ ಸೇರೋದು ಇರುತ್ತಲ್ಲ, ಶನಿವಾರ ಉಪನ್ಯಾಸಗಳು, ಭಾನುವಾರ ಸನ್ಮಾನ ಊಟ ಗ್ರೂಪ್ ಫೋಟೋ, ಅದಕ್ಕೆ ನಾನು ಆರು ವರ್ಷದಿಂದ ತಪ್ಪದೆ ಬರ್ತಿದೀನಿ, ಆದ್ರೆ ನಿಜ ಹೇಳ್ಬಿಡ್ತೀನಿ, ಹೋದ ವರ್ಷದವರೆಗೂ ಒಂದು ಸಲನೂ ಶನಿವಾರ ಬಂದಿರ್ಲಿಲ್ಲ. ಯಾರು ಬರ್ತಾರೆ ಹೇಳಿ. ಬೆಂಗಳೂರಿಂದ ಭಾನುವಾರ ಬೆಳಗ್ಗೆ ಹೊರಟ್ರೆ ನರಸಾಪುರ ದಾಟೋ ಹೊತ್ತಿಗೆ ವಾಟ್ಸಾಪ್‌ನಲ್ಲಿ "ಎಲ್ಲಿದೀಯೇ, ತಿಂಡಿ ಖಾಲಿ ಆಗ್ತಿದೆ" ಅಂತ ಮೆಸೇಜ್ ಶುರು ಆಗುತ್ತೆ, ಅಲ್ಲಿಗೆ ನಮ್ಮ ಹಬ್ಬ ಶುರು. ಉಪನ್ಯಾಸ ಕೇಳೋಕೆ ರಜ ಹಾಕ್ಕೊಂಡು ಬರೋ ಅಷ್ಟು ಒಳ್ಳೆ ಸ್ಟೂಡೆಂಟ್ ಆಗಿದ್ರೆ ನಾನು ಆವಾಗ್ಲೇ ಫಸ್ಟ್ ಕ್ಲಾಸ್ ತಗೋತಿದ್ದೆ.

ನಂದು 1992ರ ಬಿಎಸ್ಸಿ ಬ್ಯಾಚು, ಪಿಸಿಎಂ. ಬಂಗಾರಪೇಟೆಯಿಂದ ದಿನಾ ಬರ್ತಿದ್ದೆ. ಆವಾಗ ಕೋಲಾರಕ್ಕೆ ಆ ಪುಟ್ಟ ರೈಲು, ನ್ಯಾರೋ ಗೇಜು, ಇನ್ನೂ ಇತ್ತು ಆದ್ರೆ ಅದನ್ನ ನಂಬ್ಕೊಂಡ್ರೆ ಫಸ್ಟ್ ಪೀರಿಯಡ್ ಸಿಗ್ತಿರ್ಲಿಲ್ಲ, ಬಸ್ಸೇ ಗತಿ, ಬಸ್ ಸ್ಟ್ಯಾಂಡಿಂದ ಡೂಮ್ ಲೈಟ್ ಸರ್ಕಲ್‌ವರೆಗೂ ಓಡಿಕೊಂಡು ಬರೋದು. ನಾನು ಬಂಗಾರಪೇಟೆಯಲ್ಲಿ ಇದ್ದಿದ್ದು ಅಜ್ಜಿ ಮನೆಯಲ್ಲಿ, ರಜ ಬಂದ್ರೆ ಕೆಜಿಎಫ್‌ಗೆ ಮಾವನ ಮನೆಗೆ. ಮಾವ ಅಂದ್ರೆ ನಮ್ಮಮ್ಮನ ತಮ್ಮ. ಚಾಂಪಿಯನ್ ರೀಫ್ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದ. ಅಂದ್ರೆ ಜನರನ್ನ ಗಣಿ ಒಳಗೆ ಇಳಿಸೋ ಕೇಜ್ ಇರುತ್ತಲ್ಲ, ಅದರ ದೊಡ್ಡ ಡ್ರಮ್ಮು ಸುತ್ತಿಸೋನು ಮೇಲೆ ಕೂತಿರ್ತಾನೆ, ಅವನೇ. ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣಲ್ಲ, ಬೆಲ್ ಹೊಡೆದಿದ್ದು ಎಣಿಸಿಕೊಂಡು, ಮುಂದೆ ಇರೋ ಡಯಲ್ಲಿನ ಮುಳ್ಳು ನೋಡಿಕೊಂಡು ಇಳಿಸ್ಬೇಕು ನಿಲ್ಲಿಸ್ಬೇಕು. ಸೀನು ಬಂದ್ರೂ ತಡ್ಕೋಬೇಕು ಪಾಪ ಅಂತಿದ್ದ ನನಗೆ. ಪಾಪ ಅಂದ್ರೆ ನಮ್ಮ ಕಡೆ ಮಗು ಅಂತ, ನಾನು ಬಿಎಸ್ಸಿ ಓದ್ತಿದ್ರೂ ಅವನಿಗೆ ಪಾಪನೇ.

ಆ ಮಾವ ಒಂದು ಮಾತು ಪದೇಪದೇ ಹೇಳ್ತಿದ್ದ. "ಬಾಂಬೆಯಿಂದ ಸೈಂಟಿಸ್ಟುಗಳು ಬರ್ತಾರೆ, ಚಿನ್ನ ಎಲ್ಲಿ ಇಲ್ವೋ ಅಲ್ಲಿ ಹೋಗಿ ಕೂತ್ಕೋತಾರೆ, ರಾಶಿ ಕಬ್ಬಿಣ ಕೆಳಗೆ ಇಳಿಸಿದಾರೆ, ಕತ್ತಲಲ್ಲಿ ಏನೋ ಕಾಯ್ತಾರೆ, ಸಿಗಲ್ಲ ಅದು." ಏನು ಮಾವ ಅದು ಅಂದ್ರೆ "ನೀನೇ ತಾನೆ ಸೈನ್ಸು ಓದೋಳು, ನಿಮ್ಮ ಮೇಷ್ಟ್ರನ್ನ ಕೇಳು." ಕೇಳಿದೆ. ಸೆಕೆಂಡ್ ಇಯರ್‌ನಲ್ಲಿ, ಫಿಸಿಕ್ಸ್ ಕ್ಲಾಸಲ್ಲಿ ಎದ್ದು ನಿಂತು ಕೇಳಿದೆ, ಹುಡುಗರೆಲ್ಲ ತಿರುಗಿ ನೋಡಿದ್ರು, ಸರ್ ಬೋರ್ಡ್ ಒರೆಸ್ತಾ "ಸಿಲಬಸ್ ಮುಗೀಲಮ್ಮಾ, ಆಮೇಲೆ ಹೇಳ್ತೀನಿ" ಅಂದ್ರು. ಸಿಲಬಸ್ ಮುಗೀಲೇ ಇಲ್ಲ. ಇದು ದೂರು ಅಂತ ಅಲ್ಲ, ಯಾವ ವರ್ಷ ತಾನೆ ಮುಗಿದಿದೆ.

ಹೋದ ವರ್ಷ ಶನಿವಾರ ಬರೋಕೆ ಕಾರಣ ನಮ್ಮತ್ತೆ. ಮಾವ ಹೋಗಿ ಈಗ ಒಂಬತ್ತು ವರ್ಷ, ಗಣಿ ಮುಚ್ಚಿದ ಮೇಲೆ ಅವರು ಕ್ವಾರ್ಟರ್ಸ್ ಬಿಟ್ಟು ಬಂಗಾರಪೇಟೆಗೆ ಬಂದಿದ್ರು, ಅತ್ತೆ ಈಗ್ಲೂ ಅಲ್ಲೇ. ಮಂಡಿನೋವು ಜಾಸ್ತಿ ಅಂತ ಫೋನ್ ಬಂತು, ಶುಕ್ರವಾರ ರಾತ್ರಿನೇ ಹೋದೆ, ಬೆಳಗ್ಗೆ ನೋಡಿದ್ರೆ ಅತ್ತೆ ಆರಾಮಾಗಿ ಅವರೆಕಾಯಿ ಸುಲೀತಾ ಕೂತಿದಾರೆ. "ಇಲ್ಲಿ ಕೂತ್ಕೊಂಡು ನನ್ನ ಮುಖ ನೋಡಿ ಏನ್ ಮಾಡ್ತೀಯ, ಕೋಲಾರದಲ್ಲಿ ಏನೋ ಫಂಕ್ಷನ್ ಅಂದ್ಯಲ್ಲ, ಹೋಗು" ಅಂದ್ರು.

ಹೋದೆ. ಸೆಮಿನಾರ್ ಹಾಲಲ್ಲಿ ಇನ್ನೂರು ಕುರ್ಚಿ, ಜನ 17. ಎಣಿಸಿದೆ, ಬೇರೆ ಕೆಲಸ ಇರ್ಲಿಲ್ಲ. ಅದ್ರಲ್ಲಿ ಇಬ್ಬರು ಮೈಕ್ ಸೆಟ್‌ನವರು. ಮೊದಲನೇ ಉಪನ್ಯಾಸ ವ್ಯಕ್ತಿತ್ವ ವಿಕಸನ, ಅದರ ಬಗ್ಗೆ ಏನೂ ಬರೆಯಲ್ಲ. ಎರಡನೇದು ಜಿಲ್ಲೆ ಕೆರೆಗಳ ಬಗ್ಗೆ, ಇದು ಚೆನ್ನಾಗಿತ್ತು, ಕೆ.ಸಿ. ವ್ಯಾಲಿ ನೀರಿನ ವಿಷಯ ಬರ್ತಿದ್ದ ಹಾಗೆ ಇರೋ 17 ಜನರಲ್ಲೇ ಜಗಳ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡ್ತಿದಾರಲ್ಲ, ದಿನಕ್ಕೆ 440 ಮಿಲಿಯನ್ ಲೀಟರ್ ಲೆಕ್ಕ, 126 ಕೆರೆ ತುಂಬಿಸೋ ಪ್ಲಾನು. ಮೂರನೇ ಹಂತದ ಶುದ್ಧೀಕರಣ ಮಾಡದೆ ಹೆಂಗ್ ಬಿಟ್ರು ಅಂತ ಒಬ್ರು, ಸಾವಿರ ಅಡಿ ಬೋರ್ ಕೊರೆಸಿದ್ರೂ ಧೂಳು ಬರ್ತಿದ್ದ ಊರಲ್ಲಿ ನಮ್ಮ ತೋಟದ ಬೋರು ತಿರುಗಾ ಬಂತು ಅಂತ ಇನ್ನೊಬ್ರು. ಇಬ್ರೂ ಹೇಳಿದ್ದು ಸರಿ ಅನ್ನಿಸ್ತು, ಅದೇ ಕಷ್ಟ. ಸ್ನೇಹಿತೆಯೊಬ್ಬಳು ಹಿಂದೆ ಕೂತ್ಕೊಂಡು "ನಾವು ಕುಡಿಯೋದು ಟ್ಯಾಂಕರ್ ನೀರು, ಅದ್ಯಾವ ಕೆರೇದೋ" ಅಂದ್ಲು.

ಮೂರನೇದು ಊಟ ಆದ್ಮೇಲೆ, ನಿದ್ದೆ ಹೊತ್ತು. ಪ್ರೊಜೆಕ್ಟರ್ ಹತ್ತಲಿಲ್ಲ, ಹತ್ತಿದ ಮೇಲೆ ತಲೆಕೆಳಗಾಗಿ ಬಂತು. ಬೆಂಗಳೂರಿನಿಂದ ಬಂದಿದ್ದ ನಿವೃತ್ತ ಪ್ರೊಫೆಸರು, ಅವಸರ ಮಾಡದೆ ನಿಂತಿದ್ರು. ಮೊದಲನೇ ಚಿತ್ರ ಶಾಫ್ಟಿನ ಮೇಲಿನ ಕಬ್ಬಿಣದ ಚಕ್ರ. ಎದೆ ಝಲ್ ಅಂತು, ಯಾಕಂದ್ರೆ ಅಂಥ ಚಕ್ರ ತಿರುಗೋದನ್ನ ನೋಡ್ಕೊಂಡೇ ನಾನು ಮಾವನ ಮನೆ ಮುಂದೆ ಕುಂಟೆಬಿಲ್ಲೆ ಆಡಿದ್ದು.

ಅವರು ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಬರೀತೀನಿ, ಫಿಸಿಕ್ಸ್ ಡಿಪಾರ್ಟ್‌ಮೆಂಟಿನವರು ಬಯ್ಕೋಬೇಡಿ. ಆಕಾಶದಿಂದ ಕಾಸ್ಮಿಕ್ ಕಿರಣ ಅಂತ ಯಾವಾಗ್ಲೂ ಸುರೀತಾ ಇರುತ್ತೆ, ಅದರಿಂದ ಹುಟ್ಟೋ ಮ್ಯೂಯಾನ್ ಅನ್ನೋ ಕಣಗಳು ಬಂಡೆನೂ ತೂರಿಕೊಂಡು ಭೂಮಿ ಒಳಗೆ ಹೋಗುತ್ತೆ. ಎಷ್ಟು ಆಳಕ್ಕೆ ಹೋಗುತ್ತೆ ಅಂತ ಅಳೀಬೇಕು. ಅಳೆಯೋಕೆ ಆಳವಾದ ಗುಂಡಿ ಬೇಕು, ದೇಶದಲ್ಲಿ ನಮ್ಮ ಕೆಜಿಎಫ್‌ಗಿಂತ ಆಳ ಎಲ್ಲಿದೆ, ಮೂರು ಕಿಲೋಮೀಟರ್‌ಗೂ ಜಾಸ್ತಿ. ಹೋಮಿ ಭಾಭಾ ಅವರು 1950ರ ದಶಕದ ಶುರುವಲ್ಲೇ ಬಿ.ವಿ. ಶ್ರೀಕಂಠನ್ ಅವರನ್ನ ಇಲ್ಲಿಗೆ ಕಳಿಸಿದ್ರಂತೆ, ನಂಜನಗೂಡಿನವರು, ಆವಾಗಿನ್ನೂ ಹುಡುಗ. ಆಳಕ್ಕೆ ಹೋದ ಹಾಗೆ ಕಣ ಕಮ್ಮಿ ಆಗ್ತಾ ಬಂತು, ತೀರಾ ಕೆಳಗೆ ಹೋಗಿ ಎರಡು ತಿಂಗಳು ಕಾದ್ರೂ ಒಂದೂ ಬರ್ಲಿಲ್ಲ. ಬೇರೆಯವರಾಗಿದ್ರೆ ಗಂಟುಮೂಟೆ ಕಟ್ತಿದ್ರು. ಇವರು, ಇಷ್ಟು ನಿಶ್ಶಬ್ದ ಇರೋ ಜಾಗ ಸಿಕ್ಕಿದೆ ಅಂದ್ರೆ ಇಲ್ಲಿ ನ್ಯೂಟ್ರಿನೋ ಹಿಡೀಬಹುದಲ್ಲ ಅಂದ್ಕೊಂಡ್ರು.

ನ್ಯೂಟ್ರಿನೋ ಅಂದ್ರೆ ಯಾವುದನ್ನೂ ಮುಟ್ಟದೆ ಹೋಗೋ ಕಣ, ಇಡೀ ಭೂಮಿನೇ ತೂರಿಕೊಂಡು ಆಚೆ ಹೋಗುತ್ತೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ಡಿಕ್ಕಿ ಹೊಡೆದ್ರೆ ಅಲ್ಲಿ ಮ್ಯೂಯಾನ್ ಹುಟ್ಟುತ್ತೆ. ಮೇಲಿಂದ ಬಂದಿದ್ದಾದ್ರೆ ಅದು ಆಕಾಶದ್ದೇ ಇರ್ಬಹುದು, ಆದ್ರೆ ಅಡ್ಡಡ್ಡ ಬಂದ್ರೆ, ಅಷ್ಟು ಬಂಡೆ ದಾಟಿ ಬರೋಕೆ ಸಾಧ್ಯನೇ ಇಲ್ಲ, ಅಲ್ಲೇ ಹತ್ರದಲ್ಲಿ ನ್ಯೂಟ್ರಿನೋನೇ ಹುಟ್ಟಿಸಿರ್ಬೇಕು. ಅದಕ್ಕೇ ಯಂತ್ರಗಳನ್ನ ಗೋಡೆ ತರ ನಿಲ್ಲಿಸಿದ್ರು. ನಮ್ಮವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ, ಚಾಂಪಿಯನ್ ರೀಫ್‌ನಲ್ಲಿ, 2.3 ಕಿಲೋಮೀಟರ್ ಕೆಳಗೆ. 1965ರಲ್ಲಿ ಸಿಕ್ತು. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಪ್ರಪಂಚದಲ್ಲಿ ಮೊದಲು ಸಿಕ್ಕಿದ್ದು ಆವಾಗ, ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಸಿಕ್ತು. ಆಮೇಲೆ 1975ರಲ್ಲಿ ಲೆಕ್ಕಕ್ಕೆ ಕೂಡದ ಕೆಲವು ಗುರುತು ಕಂಡವಂತೆ, ಅದಕ್ಕೆ ಫಿಸಿಕ್ಸ್‌ನವರು ಇವತ್ತಿಗೂ "ಕೋಲಾರ್ ಈವೆಂಟ್ಸ್" ಅಂತಾರೆ. ಮೂರು ವರ್ಷ ಕೋಲಾರದಲ್ಲೇ ಫಿಸಿಕ್ಸ್ ಓದಿ ಕೋಲಾರದ ಹೆಸರಿರೋ ವಿಷಯ ಕೇಳಿದ್ದು ನಾನು ಅವತ್ತೇ.

ನಾನು ಬೆರಳಲ್ಲಿ ಲೆಕ್ಕ ಹಾಕ್ತಿದ್ದೆ. 1965ಕ್ಕೆ ಮಾವ ಇನ್ನೂ ಸ್ಕೂಲು. ಅವನು ಕೆಲಸಕ್ಕೆ ಸೇರಿದ್ದು ಗಣಿ ಬಿಜಿಎಂಎಲ್, ಅಂದ್ರೆ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆದ್ಮೇಲೆ, ಅಂದ್ರೆ 1972ರ ನಂತರ. ಹಾಗಾದ್ರೆ ಮಾವ ಇಳಿಸಿದ ಕಬ್ಬಿಣ ಯಾವುದು?

ಅದೂ ಬಂತು. 1980ರ ಹೊತ್ತಿಗೆ ಅಲ್ಲೇ ಇನ್ನೊಂದು ಪ್ರಯೋಗ ಶುರು ಮಾಡಿದ್ರು, ಪ್ರೋಟಾನ್ ಸಾಯುತ್ತಾ ಅಂತ ನೋಡೋಕೆ. ಪ್ರೋಟಾನ್ ಅಂದ್ರೆ ಎಲ್ಲ ವಸ್ತುವಿನ ಪರಮಾಣು ಒಳಗೂ ಇರೋ ಕಣ. ಪ್ರೋಟಾನ್‌ಗೆ ಆಯಸ್ಸು ಇದ್ರೆ ಅದು ಒಂದರ ಮುಂದೆ 30ಕ್ಕೂ ಮೇಲೆ ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ವರ್ಷ ಯಾರು ಕಾಯ್ತಾರೆ? ಪ್ರೊಫೆಸರು ಹೇಳಿದ್ದು ನಮ್ಮ ಶ್ರೀನಿವಾಸಪುರದ ಲೆಕ್ಕ: ಒಂದು ಮಾವಿನಮರ ನೂರು ವರ್ಷ ಬಾಳುತ್ತೆ ಅಂದ್ಕೊಳ್ಳಿ, ಅದು ಒಣಗೋದು ನೋಡೋಕೆ ನೂರು ವರ್ಷ ಕೂರಬೇಕಾಗಿಲ್ಲ, ನೂರಾರು ಮರ ಇರೋ ಹಳೆ ತೋಪಲ್ಲಿ ಕೂತ್ರೆ ವರ್ಷಕ್ಕೆ ಒಂದೆರಡಾದ್ರೂ ಒಣಗುತ್ತೆ. ಹಂಗೇ ಪ್ರೋಟಾನ್ ರಾಶಿ ಹಾಕಿಕೊಂಡು ಕಾಯೋದು. ಆ ರಾಶಿನೇ ಕಬ್ಬಿಣ, 140 ಟನ್, ಪದರ ಪದರವಾಗಿ ಜೋಡಿಸಿ ಮಧ್ಯ ಕಣ ಗುರುತಿಸೋ ಕೌಂಟರ್‌ಗಳು. ನಾನು ಪಕ್ಕದವಳ ಕೈ ಹಿಡ್ಕೊಂಡು "ನಮ್ಮ ಮಾವ ಕಣೇ, ನಮ್ಮ ಮಾವ" ಅಂದೆ, ಅವಳು ನಿದ್ದೆಯಿಂದ ಎದ್ದು "ಎಲ್ಲಿ" ಅಂತ ಬಾಗಿಲ ಕಡೆ ನೋಡಿದ್ಲು.

ಸಿಗ್ಲಿಲ್ಲ. ಕೆಲವು ಗುರುತು ಪ್ರೋಟಾನ್ ಸತ್ತಿದ್ದೇ ಇರ್ಬಹುದು ಅಂತ ಇಲ್ಲಿಂದ ಹೇಳಿದ್ರು, ಬೇರೆ ಕಡೆ ಯಾರಿಗೂ ಕಾಣ್ಲಿಲ್ಲ, ಇವತ್ತಿನವರೆಗೂ ಪ್ರೋಟಾನ್ ಸತ್ತಿದ್ದನ್ನ ಪ್ರಪಂಚದಲ್ಲಿ ಯಾರೂ ನೋಡಿಲ್ಲ. ಜಪಾನಿನವರು ಇದೇ ಕೆಲಸಕ್ಕೆ ಒಂದು ಗಣಿಯಲ್ಲಿ ನೀರಿನ ದೊಡ್ಡ ಟ್ಯಾಂಕ್ ಕಟ್ಟಿದ್ರು, ಅವರಿಗೂ ಪ್ರೋಟಾನ್ ಕೈಕೊಟ್ಟು ನ್ಯೂಟ್ರಿನೋ ಸಿಕ್ತು, 2002ರಲ್ಲಿ ಒಂದು ನೊಬೆಲ್, ಆಮೇಲೆ ಇನ್ನೂ ದೊಡ್ಡ ಟ್ಯಾಂಕ್ ಕಟ್ಟಿ 2015ರಲ್ಲಿ ಇನ್ನೊಂದು. ಇಲ್ಲಿ ನಮ್ಮ ಗಣಿ ನಷ್ಟ ಅಂತ ಆಳದ ಲೆವೆಲ್‌ಗಳನ್ನ ಒಂದೊಂದಾಗಿ ಬಿಡ್ತಾ ಬಂದ್ರು, 1990ರ ದಶಕದ ಶುರುವಲ್ಲಿ ಪ್ರಯೋಗ ನಿಂತೋಯ್ತು, 2001ರ ಫೆಬ್ರವರಿ 28ಕ್ಕೆ ಗಣಿನೇ ಮುಚ್ಚಿದ್ರು. ಪಂಪ್ ನಿಂತ ಮೇಲೆ ಒಳಗೆ ನೀರು. ಪ್ರೊಫೆಸರು ಇದನ್ನ ದನಿ ಏರಿಸದೆ ಹೇಳಿದ್ರು. ನನಗೆ ಮಾತ್ರ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಪ್ರಶ್ನೆ ಇದ್ರೆ ಕೇಳಿ ಅಂದಾಗ 30 ವರ್ಷ ಆದ್ಮೇಲೆ ಮತ್ತೆ ಎದ್ದು ನಿಂತೆ. ಕೇಜ್ ಇಳಿಸ್ತಿದ್ದವರ ಬಗ್ಗೆ ಏನಾದ್ರೂ ಹೇಳಿ ಸರ್ ಅಂದೆ, ಅದು ಪ್ರಶ್ನೆನೂ ಅಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳೇ ವಯಸ್ಸಲ್ಲಿ ಒಂದ್ಸಲ ಇಳಿದಿದ್ದೆ ಅಮ್ಮಾ. ಕೇಜ್ ಬಾಗಿಲು ಹಾಕಿದ ತಕ್ಷಣ ಹೊಟ್ಟೆ ಬಾಯಿಗೆ ಬಂತು. ಮೇಲೆ ಯಾರು ಕೂತಿದಾರೆ ಅಂತ ನೋಡೇ ಇರ್ಲಿಲ್ಲ, ಅವರ ಮೇಲೆ ಭಾರ ಹಾಕಿ ಕಣ್ಣು ಮುಚ್ಕೊಂಡೆ" ಅಂದ್ರು.

ಮುಂದಿನ ಸಾಲಲ್ಲೇ ನಮ್ಮ ಫಿಸಿಕ್ಸ್ ಸರ್ ಕೂತಿದ್ರು, ಸಿಲಬಸ್ ಸರ್, ಈಗ ಎಂಬತ್ತು ದಾಟಿದೆ. ಹೋಗಿ ಕಾಲಿಗೆ ನಮಸ್ಕಾರ ಮಾಡಿ, ಸರ್ ನಾನು ಇದನ್ನೇ ನಿಮ್ಮನ್ನ ಕೇಳಿದ್ದೆ ಅಂದೆ. ಕನ್ನಡಕ ಸರಿ ಮಾಡ್ಕೊಂಡು ನೋಡಿ "ನೀವು ಬಾಟನಿ ಅಲ್ವಾ?" ಅಂದ್ರು. ಹೌದು ಸರ್ ಅಂದ್ಬಿಟ್ಟೆ, ಇನ್ನೇನ್ ಹೇಳ್ಲಿ.

ರಾತ್ರಿ ಗಾಂಧಿನಗರದಲ್ಲಿ ಸ್ನೇಹಿತೆ ಮನೆಯಲ್ಲೇ ಉಳ್ಕೊಂಡೆ. ಭಾನುವಾರ ಎಂದಿನ ಹಾಗೆ ಹಾಲ್ ಫುಲ್, ಕುರ್ಚಿ ಸಾಲದೆ ಕಿಟಕಿ ಕಟ್ಟೆ ಮೇಲೆಲ್ಲ ಜನ, ಶಾಲು ಹಾರ ಫಲತಾಂಬೂಲ ಎರಡು ಗಂಟೆ, ಮುಖ್ಯ ಅತಿಥಿ ಬಂದಿದ್ದು ಊಟಕ್ಕೆ. ಊಟ ಮಾತ್ರ ಹೇಳ್ಲೇಬೇಕು, ಮುದ್ದೆ, ಹಿತಕಿದ ಬೇಳೆ ಸಾರು, ಒಬ್ಬಟ್ಟು. ನಮ್ಮ ಬ್ಯಾಚಿನವರು ಲ್ಯಾಬ್‌ಗೆ ಸ್ಟೂಲು ಕೊಡಿಸೋದಕ್ಕೆ ದುಡ್ಡು ಹಾಕಿದ್ವಿ. ಶನಿವಾರ ಏನಾಯ್ತು ಗೊತ್ತಾ ಅಂತ ನಾನು ನಾಲ್ಕು ಜನಕ್ಕೆ ಹೇಳೋಕೆ ಹೋದೆ, ಫೋಟೋಗೆ ಕರೆದ್ರು, ಅಲ್ಲಿಗೇ ನಿಂತೋಯ್ತು. ಅದಕ್ಕೇ ಮ್ಯಾಗಜೀನ್ ಮೇಡಂ ಎರಡು ಪುಟ ಬರ್ಕೊಡಿ ಅಂದಾಗ ತಕ್ಷಣ ಒಪ್ಪಿದ್ದು.

ಸಾಯಂಕಾಲ ಬ್ಯಾಗ್ ತಗೊಳ್ಳೋಕೆ ಬಂಗಾರಪೇಟೆಗೆ ಹೋದೆ. ಅತ್ತೆ ನೆನೆಸಿದ ಅವರೆಕಾಳು ಹಿಚುಕ್ತಾ ಕೂತಿದ್ರು, ನಾನೂ ಕೂತು ಹಿಚುಕ್ತಾ ಎಲ್ಲ ಹೇಳಿದೆ, ಮ್ಯೂಯಾನ್ ಬಿಟ್ಟು. 140 ಟನ್ ಅಂದಿದ್ದಕ್ಕೆ "ಹೂಂ, ಆವಾಗ ಲೇಟಾಗಿ ಬರ್ತಿದ್ರು ಮನೆಗೆ" ಅಂದ್ರು.

"ಕೊನೆಗೆ ಸಿಕ್ತಾ ಅವರಿಗೆ?"

"ಮೊದಲನೇದು ಸಿಕ್ತು ಅತ್ತೆ, ಅದು ಮಾವ ಸೇರೋಕೂ ಮುಂಚೆ. ಮಾವನ ಕಾಲದ್ದು ಸಿಗ್ಲೇ ಇಲ್ಲ. ಇನ್ನೂ ಹುಡುಕ್ತಿದಾರೆ, ಜಪಾನಲ್ಲಿ."

ಅತ್ತೆ ಸಿಪ್ಪೆನೆಲ್ಲ ಒಂದು ಕಡೆ ಸರಿಸಿ ನಕ್ಕರು. "ಅದನ್ನೇ ಅಲ್ವೇ ನಿಮ್ಮ ಮಾವ ಹೇಳ್ತಿದ್ದಿದ್ದು, ಸಿಗಲ್ಲ ಅಂತ. ಅದನ್ನ ತಿಳ್ಕೊಳ್ಳೋಕೆ ನೀನು ಬಿಎಸ್ಸಿ ಮಾಡ್ಬೇಕಿತ್ತಾ?"