ರೆಬಾಕ್ ದ್ವೀಪದಲ್ಲಿ ಹಾಯಿಕಂಬದ ಬುಡ ಬಿಚ್ಚಿದ್ದು

ಮಲೇಷ್ಯಾದ ಲಂಕಾವಿಗೆ ಹೋಗುವವರಲ್ಲಿ ಹೆಚ್ಚಿನವರ ಕಣ್ಣು ಮಚಿಂಚಾಂಗ್ ಬೆಟ್ಟದ ಕೇಬಲ್ ಕಾರಿನ ಮೇಲೋ ಚೆನಾಂಗ್ ಕಡಲತೀರದ ಮೇಲೋ ಇರುತ್ತದೆ. ನಾನು ಹೋದದ್ದು ಪಕ್ಕದ ಪುಟ್ಟ ದ್ವೀಪ ರೆಬಾಕ್‌ನ ಮರೀನಾಕ್ಕೆ, ಸಿಂಗಪುರದಲ್ಲಿ ನೆಲೆಸಿರುವ ಮಂಗಳೂರಿನ ಗೆಳೆಯರೊಬ್ಬರ ಹಳೆಯ ಕ್ಯಾಟಮರಾನ್ ಹಾಯಿದೋಣಿಯ ದುರಸ್ತಿಗೆ ಕೈಜೋಡಿಸಲು. ಅದು ಇಂಗ್ಲೆಂಡಿನ ಕ್ಯಾನ್ವಿ ದ್ವೀಪದಲ್ಲಿ ಪ್ರೌಟ್ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ 37 ಅಡಿಯ ಸ್ನೋಗೂಸ್ ಮಾದರಿಯ ದೋಣಿ.

ಒಂಟಿ ಒಡಲಿನ ಎಷ್ಟೋ ದೋಣಿಗಳಲ್ಲಿ ಹಾಯಿಕಂಬ ತಳದವರೆಗೂ ಇಳಿದು ನಿಲ್ಲುತ್ತದೆ. ಎರಡು ಒಡಲುಗಳ ಕ್ಯಾಟಮರಾನ್‌ನಲ್ಲಿ ನಡುವೆ ತಳವೇ ಇಲ್ಲದ್ದರಿಂದ, ಬಿಗಿದ ತಂತಿಹಗ್ಗಗಳು ಮತ್ತು ಗಾಳಿ ಕೂಡಿ ಕಂಬವನ್ನು ಕೆಳಕ್ಕೆ ಒತ್ತುವ ಟನ್‌ಗಟ್ಟಲೆ ಭಾರವೆಲ್ಲ ಕ್ಯಾಬಿನ್ನಿನ ಚಾವಣಿಯ ಮೇಲಿನ ಪೀಠಕ್ಕೆ, ಅಂದರೆ ಮಾಸ್ಟ್ ಸ್ಟೆಪ್‌ಗೆ, ಅಲ್ಲಿಂದ ಅದರ ಕೆಳಗಿನ ಅಡ್ಡಗೋಡೆಗೆ ಹೋಗುತ್ತದೆ. ಈ ದೋಣಿಯಲ್ಲಿ ವಿದ್ಯುತ್ ವೈರು ಇಳಿಯುವ ರಂಧ್ರದ ಸೀಲೆಂಟ್ (ನೀರು ತಡೆಯುವ ಅಂಟು) ಒಣಗಿ ಬಿರಿದು, ಫೈಬರ್‌ಗ್ಲಾಸ್ ಪದರಗಳ ನಡುವಿನ ಬಾಲ್ಸಾ ಎಂಬ ಹಗುರ ಮರಕ್ಕೆ ಮಳೆನೀರು ವರ್ಷಗಟ್ಟಲೆ ಇಳಿದಿತ್ತು. ಪೀಠದ ಸುತ್ತ ಕೂದಲೆಳೆಯ ಬಿರುಕುಗಳಿದ್ದವು. ಸುತ್ತಿಗೆಯಿಂದ ತಟ್ಟಿದರೆ ಖಣ್ ಎನ್ನಬೇಕಾದಲ್ಲಿ ಮಂದ ಸದ್ದು ಬರುತ್ತಿತ್ತು. ಬಿಗಿದ ತಂತಿಗಳು ಮತ್ತೆ ಮತ್ತೆ ಸಡಿಲವಾಗುತ್ತಿದ್ದವು.

ಬಿಗಿಯುವ ತಿರುಪುಗಳ ಸ್ಥಾನವನ್ನು ಟೇಪಿನಿಂದ ಗುರುತಿಸಿಕೊಂಡು, ಕ್ರೇನ್‌ನಿಂದ ಕಂಬ ಇಳಿಸಿ, ಗ್ರೈಂಡರ್‌ನಲ್ಲಿ ಮೇಲಿನ ಪದರವನ್ನಷ್ಟೇ ಕತ್ತರಿಸಿ ಎತ್ತಿದೆವು. ಒಳಗಿನ ಮರ ಸೋಸಿದ ಕಾಫಿ ಚರಟದಂತೆ ಕಪ್ಪಾಗಿ ಬೆರಳಿಗೇ ಬಂತು, ಹುಳಿ ವಾಸನೆಯೊಂದಿಗೆ. ಬಿಳಿಯಾದ ಒಣ ಮರ ಕಾಣುವ ತನಕ ಕತ್ತರಿಸುತ್ತಲೇ ಹೋದಾಗ ಗುಂಡಿ ಪೀಠದ ಅಳತೆಯನ್ನು ಬಹಳ ಮೀರಿ ಬೆಳೆಯಿತು. ಸಣ್ಣ ತೂತುಗಳನ್ನು ಕೊರೆದು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟುರಾಳ ಸುರಿದು ಮುಗಿಸುವವರಿದ್ದಾರೆ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲವಾದ್ದರಿಂದ, ಭಾರ ಹೊರುವ ಈ ಜಾಗದಲ್ಲಿ ಅದು ದುರಸ್ತಿಯೇ ಅಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಅಡ್ಡಗೋಡೆಯ ಪ್ಲೈವುಡ್ ಗಟ್ಟಿಯಾಗಿಯೇ ಉಳಿದಿದ್ದುದು ದೊಡ್ಡ ಸಮಾಧಾನ.

ಮಧ್ಯಾಹ್ನದ ಮಳೆಗೆ ಟಾರ್ಪಾಲು ಕಟ್ಟಿ, ಫ್ಯಾನು ಮತ್ತು ದೀಪದ ಶಾಖದಲ್ಲಿ ಒಣಗಿಸಿದೆವು. ಕಂಬದ ಕೆಳಗೆ ಮತ್ತೆ ಬಾಲ್ಸಾ ಇಡದೆ, ಒತ್ತಡಕ್ಕೆ ಕುಗ್ಗದ ಗಟ್ಟಿ ಫೈಬರ್‌ಗ್ಲಾಸ್ ಹಲಗೆಗಳನ್ನು ಸಿಲಿಕಾ ಪುಡಿ ಬೆರೆಸಿ ದಪ್ಪ ಮಾಡಿದ ಎಪಾಕ್ಸಿಯಲ್ಲಿ ಕೂರಿಸಿದೆವು. ಅಲ್ಲಿನ ಸೆಕೆಯಲ್ಲಿ ಎಪಾಕ್ಸಿ ಬಟ್ಟಲಲ್ಲೇ ಬಿಸಿಯೇರಿ ಗಟ್ಟಿಯಾಗುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಸ್ವಲ್ಪಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳುತ್ತಿದ್ದೆವು. ಹಳೆಯ ಪದರದ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅದರ ಮೇಲೆ ಗಾಜಿನ ಬಟ್ಟೆಯನ್ನು ಪದರಪದರವಾಗಿ ಹಾಸಿದೆವು. ಬೋಲ್ಟ್ ರಂಧ್ರಗಳನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ ಕೊರೆದೆವು. ಮುಂದೆ ಸೀಲೆಂಟ್ ಸೋತರೂ ನೀರು ಅಂಚಿನ ಮರವನ್ನು ಮುಟ್ಟುವುದಿಲ್ಲ.

ಸ್ಟೀಲ್ ಪೀಠಕ್ಕೂ ಅಲ್ಯೂಮಿನಿಯಂ ಕಂಬಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು, ಕಂಬದ ಬುಡದಲ್ಲಿ ಕಟ್ಟಿಕೊಂಡಿದ್ದ ನೀರುಗಂಡಿಯನ್ನು ತೆರೆದೆವು. ಕಂಬ ನಿಲ್ಲಿಸಿ, ತಂತಿಗಳನ್ನು ಎರಡೂ ಬದಿ ಸಮನಾಗಿ ಬಿಗಿದು, ಒಳ್ಳೆಯ ಗಾಳಿಯಲ್ಲಿ ಲಂಕಾವಿಯ ಪಶ್ಚಿಮ ತೀರದುದ್ದಕ್ಕೂ ತೆಲಾಗಾ ಬಂದರಿನವರೆಗೆ ಹಾಯಿ ಬಿಟ್ಟೆವು. ಅಲ್ಲಿ ಲಂಗರು ಹಾಕಿ ಪರೀಕ್ಷಿಸಿದಾಗ ತಂತಿಗಳ ಬಿಗಿ ಹಾಗೆಯೇ ಇತ್ತು, ಪೀಠದ ಸುತ್ತ ಹೊಸ ಬಿರುಕು ಒಂದೂ ಇರಲಿಲ್ಲ.